ಡಿಯೋನ್ ಮನೆಯ ಐದು ಹೆಣ್ಣುಮಕ್ಕಳು

1934ರ ಮೇ 28ರ ನಸುಕಿನಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಹಳ್ಳಿಮನೆಯೊಂದರಲ್ಲಿ ಎಲ್ಜೈರ್ ಡಿಯೋನ್ ಒಂದೇ ಹೆರಿಗೆಯಲ್ಲಿ ಐದು ಹೆಣ್ಣುಮಕ್ಕಳನ್ನು ಹೆತ್ತರು. ದಿನ ತುಂಬಲು ಇನ್ನೂ ಎರಡು ತಿಂಗಳಿತ್ತು. ಐದೂ ಕೂಸುಗಳನ್ನು ಸೇರಿಸಿ ತೂಗಿದರೂ ಆರು ಕಿಲೋ ಚಿಲ್ಲರೆ. ಮನೆಗೆ ಕರೆಂಟಿರಲಿಲ್ಲ. ಊರಿನ ಇಬ್ಬರು ಸೂಲಗಿತ್ತಿಯರು ಮತ್ತು ವೈದ್ಯ ಅಲನ್ ರಾಯ್ ಡೇಫೋ ಮಕ್ಕಳನ್ನು ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿ, ಬೆತ್ತದ ಬುಟ್ಟಿಯಲ್ಲಿಟ್ಟು, ಒಲೆಯ ಬಾಯಿಯ ಹತ್ತಿರ ಇರಿಸಿದರು. ಟೊರಾಂಟೊದಿಂದ ಬೇರೆ ತಾಯಂದಿರ ಎದೆಹಾಲು ರೈಲಿನಲ್ಲಿ ಬಂತು. ಐವರೂ ಬದುಕಿದರು. ಒಂದೇ ಬಸಿರಿನ ಐದೂ ಮಕ್ಕಳು ಎಳವೆ ದಾಟಿ ಉಳಿದದ್ದು ದಾಖಲೆಯಲ್ಲಿ ಅದೇ ಮೊದಲು.

ಆ ಕುಟುಂಬಕ್ಕೆ ನಿಜವಾಗಿ ಬೇಕಿದ್ದದ್ದು ಇಂಥ ನೆರವೇ: ಹಾಲು, ಬಿಸಿ, ರಾತ್ರಿ ನಿದ್ದೆಗೆಟ್ಟು ನೋಡಿಕೊಳ್ಳುವ ಕೈಗಳು. ಮನೆಯಲ್ಲಿ ಮೊದಲೇ ಐದು ಮಕ್ಕಳಿದ್ದರು, ಹೊರಗೆ ಮಹಾ ಆರ್ಥಿಕ ಕುಸಿತದ ಕಾಲ. ಕಂಗೆಟ್ಟ ತಂದೆ ಒಲಿವಾ, ಮಕ್ಕಳನ್ನು ಷಿಕಾಗೊ ವಿಶ್ವಮೇಳದಲ್ಲಿ ತೋರಿಸುವ ಒಪ್ಪಂದಕ್ಕೆ ಸಹಿ ಹಾಕಿ, ಕೂಡಲೇ ಹಿಂದೆ ಸರಿಯಲು ನೋಡಿದರು. ಅದನ್ನೇ ಕಾರಣ ಮಾಡಿಕೊಂಡು ಸರ್ಕಾರ ಮಕ್ಕಳನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. 1935ರ ಕಾನೂನು ಅವರನ್ನು 18 ವರ್ಷ ತುಂಬುವವರೆಗೆ ಅರಸರ ಹೆಸರಿನಲ್ಲಿ ಸರ್ಕಾರದ ಪಾಲನೆಗೆ ಒಪ್ಪಿಸಿತು.

ಆಮೇಲೆ ನಡೆದದ್ದನ್ನು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜಾತ್ರೆಗೆ ಹೋಗದಂತೆ ಕಾಪಾಡಿದ ಮಕ್ಕಳ ಸುತ್ತಲೇ ಸರ್ಕಾರ ಜಾತ್ರೆ ಕಟ್ಟಿತು. ಹುಟ್ಟಿದ ಮನೆಯ ಎದುರಿಗೇ, ರಸ್ತೆಯಾಚೆ, ಶಿಶುಪಾಲನಾ ಕೇಂದ್ರ ಎದ್ದಿತು. ಆಟದಂಗಳದ ಸುತ್ತ ಪ್ರೇಕ್ಷಕರ ಮೊಗಸಾಲೆ. ಒಳಗಿನವರಿಗೆ ಹೊರಗಿನವರು ಸರಿಯಾಗಿ ಕಾಣದಂಥ ತೆರೆ. ದಿನಕ್ಕೆ ಇಷ್ಟು ಹೊತ್ತಿಗೆಂದು ನಿಗದಿಯಾದ ವೇಳೆಯಲ್ಲಿ ಮಕ್ಕಳು ಆಡಬೇಕು, ಜನ ಸಾಲಾಗಿ ನೋಡಿಕೊಂಡು ಹೋಗಬೇಕು. 1936ರಿಂದ 1943ರವರೆಗೆ ಸುಮಾರು 30 ಲಕ್ಷ ಜನ ಬಂದರು. ಅಲ್ಲಿ ಇಟ್ಟಿದ್ದ ಬೆಣಚುಕಲ್ಲುಗಳನ್ನು ಸಂತಾನಭಾಗ್ಯ ಬರುತ್ತದೆಂದು ಜೇಬಿಗೆ ಹಾಕಿಕೊಂಡು ಹೋದವರಿದ್ದರು. ಐವರ ಮುಖ ಓಟ್ಸ್, ಸೋಪು, ಟೂತ್‌ಪೇಸ್ಟ್‌ಗಳನ್ನು ಮಾರಿತು. ಹಾಲಿವುಡ್ ಸಿನಿಮಾಗಳಲ್ಲೂ ಮೂಡಿತು. ತಂದೆಯೂ ಎದುರಿಗೇ ನೆನಪಿನ ಕಾಣಿಕೆಗಳ ಅಂಗಡಿ ತೆರೆದರು. ಕೇಂದ್ರದ ಖರ್ಚುಗಳನ್ನು ಮಕ್ಕಳ ಹೆಸರಿನಲ್ಲಿ ಕೂಡಿದ ನಿಧಿಯಿಂದಲೇ ತೆಗೆದರು.

ಹೆತ್ತವರು ಮಾತ್ರ ಭೇಟಿಗೆ ಬಂದ ನೆಂಟರಂತಾದರು.

ಕಾನೂನಿನ ಜತೆ ವರ್ಷಗಟ್ಟಲೆ ಗುದ್ದಾಡಿದ ಮೇಲೆ, 1943ರಲ್ಲಿ ಮಕ್ಕಳು ಮನೆಗೆ ಮರಳಿದರು. ಆದರೆ ಒಂಬತ್ತು ವರ್ಷ ದೂರ ಬೆಳೆದವರಿಗೂ ಮನೆಯಲ್ಲಿದ್ದವರಿಗೂ ಹೊಂದಾಣಿಕೆ ಸುಲಭವಾಗಲಿಲ್ಲ. ಐವರಲ್ಲಿ ಎಮಿಲಿ 1954ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಮೂರ್ಛೆರೋಗದಿಂದ ತೀರಿಕೊಂಡರು, ಮರೀ 1970ರಲ್ಲಿ.

1997ರಲ್ಲಿ ಅಮೆರಿಕದ ಅಯೋವಾದಲ್ಲಿ ಒಂದೇ ಬಸಿರಿನಲ್ಲಿ ಏಳು ಮಕ್ಕಳು ಹುಟ್ಟಿದಾಗ, ಉಳಿದ ಮೂವರು, ಆನೆಟ್, ಸೆಸಿಲ್ ಮತ್ತು ಇವಾನ್, ಆ ಹೆತ್ತವರಿಗೆ ಬಹಿರಂಗ ಪತ್ರ ಬರೆದರು. ಬಹುಶಿಶು ಜನನವನ್ನು ಮನರಂಜನೆಯೆಂದೋ ಸರಕು ಮಾರುವ ದಾರಿಯೆಂದೋ ಭಾವಿಸಬೇಡಿ ಎಂಬುದೇ ಅದರ ತಿರುಳು. ಅವಳಿ, ತ್ರಿವಳಿಗಳನ್ನು ಕಂಡರೆ ಫೋನೆತ್ತಿ ಫೋಟೊ ತೆಗೆಯುವ ಇಂದಿನವರೂ ಕೇಳಬೇಕಾದ ಮಾತು ಅದು; ಆ ತಾಯಿಗೆ ಹೆಚ್ಚಿನ ಸಲ ಬೇಕಿರುವುದು ಎರಡನೇ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಕೈ.

ಆ ಪತ್ರದ ಮರುವರ್ಷ ಒಂಟಾರಿಯೊ ಸರ್ಕಾರ ಮೂವರಿಗೂ ಸೇರಿ 40 ಲಕ್ಷ ಕೆನಡಾ ಡಾಲರ್ ಪರಿಹಾರ ಕೊಟ್ಟಿತು. ಆಗ ಅವರಿಗೆ 63 ವರ್ಷ.