ಸೊಟ್ಟಕ್ಕೆ ಹಾಕಿದ ಹೊಲಿಗೆ

ಸ್ಟೇಶನ್ ಬಜಾರದ ಚಹಾದಂಗಡಿಯಲ್ಲಿ ಐವತ್ತು ದಾಟಿದ ಪರಿಚಿತರೊಬ್ಬರು ದನಿ ತಗ್ಗಿಸಿ, “ಸೊಟ್ಟ ಆಗ್ಯಾದ್ರಿ ಸರ, ಯಾರ ಮುಂದ ಹೇಳ್ಲಿ?” ಅಂದರು. ಶಿಶ್ನದಲ್ಲಿ ಗಂಟು, ನಿಮಿರಿದಾಗ ನೋವು, ಡೊಂಕು. ಹೆಂಡತಿಗೂ ಹೇಳಿರಲಿಲ್ಲ. ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು ನಂಬಿ ನಾಲ್ಕು ತಿಂಗಳು ಪುಡಿ ನುಂಗಿದ್ದರು. ನಾನು ಇತಿಹಾಸ ಕಲಿಸಿದವನು, ವೈದ್ಯನಲ್ಲ. ಅವರನ್ನು ಮೂತ್ರರೋಗ ತಜ್ಞರ ಹತ್ತಿರ ಕಳಿಸಿ, ಈ ರೋಗದ ಹಿಂದಿನ ಕಥೆ ಹುಡುಕುತ್ತ ಕೂತೆ.

ಇದಕ್ಕೆ ಪೆರೋನಿ ರೋಗವೆಂದು ಹೆಸರು. ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಶಸ್ತ್ರವೈದ್ಯ ಲಾ ಪೆರೋನಿ 1743ರಲ್ಲಿ ಜಪಮಾಲೆಯ ಮಣಿಗಳಂಥ ಈ ಗಂಟುಗಳನ್ನು ವರ್ಣಿಸಿದ. ಅಷ್ಟು ದೊಡ್ಡ ಶಸ್ತ್ರವೈದ್ಯನಾದರೂ ಆತ ಹೇಳಿದ ಮದ್ದು ಬಾರೇಜ್ ಎಂಬಲ್ಲಿನ ಬುಗ್ಗೆಯ ನೀರು! ನಮ್ಮವರ ಪುಡಿಯನ್ನು ಕಂಡು ನಗುವ ಮುಂಚೆ ಇದೂ ನೆನಪಿರಲಿ.

ನೇರ ಮಾಡುವ ದಾರಿ ಸಿಕ್ಕಿದ್ದು ಬೇರೆಯದೇ ತೊಂದರೆಯಿಂದ. 1965ರಲ್ಲಿ, ಅಂದರೆ ನಮ್ಮೂರಿನ ಮಹಾದೇವಪ್ಪ ರಾಂಪುರೆ ಮೆಡಿಕಲ್ ಕಾಲೇಜು ಶುರುವಾದ ಎರಡು ವರ್ಷಕ್ಕೆ, ಅಮೆರಿಕದ ರೀಡ್ ನೆಸ್ಬಿಟ್ ಹುಟ್ಟಿನಿಂದಲೇ ಬಂದ ಡೊಂಕಿಗೆ ಒಂದು ಶಸ್ತ್ರಕ್ರಿಯೆ ವಿವರಿಸಿದರು. ಲೆಕ್ಕ ದರ್ಜಿಯದೇ: ಉದ್ದವಿರುವ ಬದಿಯ ಗಟ್ಟಿ ಪೊರೆಯಿಂದ ಸಣ್ಣ ಚೂರು ತೆಗೆದು ಹೊಲಿದರೆ ಎರಡೂ ಬದಿ ಸಮ. 1979ರಲ್ಲಿ ಪ್ರಯರ್ ಮತ್ತು ಫಿಟ್ಜ್‌ಪ್ಯಾಟ್ರಿಕ್ ಇದನ್ನೇ ಪೆರೋನಿ ರೋಗಿಗಳಿಗೆ ಮಾಡಿ ತೋರಿಸಿದರು. ಕತ್ತರಿಸದೆ ಬರೀ ನಿರಿಗೆ ಹಿಡಿದು ಹೊಲಿಯುವ ಕ್ರಮವೂ ಬಂತು. ಗಂಟು ಇದ್ದಲ್ಲೇ ಇರುತ್ತದೆ, ಡೊಂಕು ಹೋಗುತ್ತದೆ. ಉದ್ದ ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ.

ಡೊಂಕು ತೀರ ಹೆಚ್ಚಿದ್ದರೆ ಗಿಡ್ಡ ಬದಿಗೇ ತೇಪೆ. 1974ರಲ್ಲಿ ಡಿವೈನ್ ಮತ್ತು ಹಾರ್ಟನ್ ಗಂಟು ತೆಗೆದು ರೋಗಿಯದೇ ಚರ್ಮದ ಒಳಪದರ ಕೂಡಿಸಿದರು. ಮುಂದೆ ಕಾಲಿನ ರಕ್ತನಾಳದ ತುಂಡನ್ನೂ ಬಳಸಿದರು. ಉದ್ದ ಉಳಿದೀತು, ಆದರೆ ನಿಮಿರುವ ಬಲ, ಸ್ಪರ್ಶ ಕುಗ್ಗುವ ಅಪಾಯ ಹೆಚ್ಚು. ಮಾತ್ರೆ ನುಂಗಿದರೂ ನಿಮಿರದವರಿಗೆ ಒಳಗೆ ಸಲಾಕೆ ಕೂಡಿಸುತ್ತಾರೆ. ಮುಂಬೈನ ಡಾ. ರೂಪಿನ್ ಶಾ ರೂಪಿಸಿದ ಸಲಾಕೆ ನಮ್ಮ ದೇಶದ್ದೇ.

ಇದ್ಯಾವುದನ್ನೂ ಗಂಟು ಹಸಿಯಿರುವಾಗ ಮಾಡುವಂತಿಲ್ಲ. ನೋವು ನಿಂತು, ಡೊಂಕು ಕೆಲವು ತಿಂಗಳು ಹೆಚ್ಚದೆ ಉಳಿಯಬೇಕು.

ನಮ್ಮ ಪರಿಚಿತರಿಗೂ ವೈದ್ಯರು ಕಾಯಲು ಹೇಳಿದ್ದಾರೆ. ಎರಡನೇ ಸಲ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದರಂತೆ. “ಮೊದ್ಲೇ ಹೇಳಬಾರ್ದೇನು ಅಂದ್ಳರಿ” ಎಂದು ಚಹಾದ ಕಪ್ಪಿನೊಳಗೆ ನೋಡುತ್ತ ಹೇಳಿದರು.