ಸೃಷ್ಟಿ: ಕ್ರೈಸ್ತ ದೇವತಾಶಾಸ್ತ್ರದಲ್ಲಿ

ಇರುವುದೆಲ್ಲವೂ ದೇವರಿಂದ ಇದೆ, ದೇವರು ಮಾತ್ರ ಬೇರೆ ಯಾವುದರಿಂದಲೂ ಅಲ್ಲ ಎಂಬುದು ಕ್ರೈಸ್ತ ಸೃಷ್ಟಿತತ್ತ್ವದ ತಿರುಳು. ಜಗತ್ತು ಯಾವಾಗ, ಎಷ್ಟು ದಿನಗಳಲ್ಲಿ ಆಯಿತು ಎಂಬ ವಾದ ಈಚಿನ ಕಾಲದಲ್ಲಿ ಹೆಚ್ಚು ಸದ್ದು ಮಾಡಿದೆ. ಹಿಂದಿನ ದೊಡ್ಡ ಚಿಂತಕರನ್ನು ಅದಕ್ಕಿಂತ ಆಳವಾಗಿ ಕಾಡಿದ ಪ್ರಶ್ನೆ ಬೇರೆ: ಈ ಗಳಿಗೆಯಲ್ಲಿ ಜಗತ್ತು ದೇವರನ್ನು ಹೇಗೆ ಆತುಕೊಂಡಿದೆ?

ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಎರಡು ಸೃಷ್ಟಿಕಥನಗಳಿವೆ. ಮೊದಲನೆಯದರಲ್ಲಿ ದೇವರು ಆಜ್ಞೆಯ ಮಾತಿನಿಂದ ಆರು ದಿನಗಳಲ್ಲಿ ಲೋಕವನ್ನು ಉಂಟುಮಾಡಿ ಏಳನೆಯ ದಿನ ವಿಶ್ರಮಿಸುತ್ತಾನೆ. ಎರಡನೆಯದರಲ್ಲಿ ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ, ಮೂಗಿಗೆ ಜೀವಶ್ವಾಸ ಊದಿ, ಏದೆನ್ ತೋಟವನ್ನು ಅವನಿಗೆ ಒಪ್ಪಿಸುತ್ತಾನೆ. ಬಾಬಿಲೋನಿನ ‘ಎನೂಮ ಎಲಿಶ್’ ಕಾವ್ಯದಲ್ಲಿ ಮರ್ದೂಕನು ತಿಯಾಮತಳನ್ನು ಕೊಂದು, ಅವಳ ದೇಹ ಸೀಳಿ ಲೋಕವನ್ನು ಕಟ್ಟುತ್ತಾನೆ. ಆದಿಕಾಂಡದಲ್ಲಿ ಯುದ್ಧವಿಲ್ಲ, ಎದುರಾಳಿಯಿಲ್ಲ. ನೆರೆಯ ಜನ ಪೂಜಿಸುತ್ತಿದ್ದ ಸೂರ್ಯಚಂದ್ರರು ಅಲ್ಲಿ ನಾಲ್ಕನೆಯ ದಿನ ಇಟ್ಟ ದೀಪಗಳು. ಆದರೂ ಏನೂ ಇಲ್ಲದಲ್ಲಿಂದ ಸೃಷ್ಟಿಯಾಯಿತು ಎಂದು ಆ ಅಧ್ಯಾಯ ಬಾಯಿಬಿಟ್ಟು ಹೇಳುವುದಿಲ್ಲ. ಕತ್ತಲು ಕವಿದ ಜಲರಾಶಿ ಮೊದಲಿಗೇ ಅಲ್ಲಿದೆ. ಆ ಮಾತಿಗೆ ಹತ್ತಿರ ಬರುವುದು ಕಥೋಲಿಕರೂ ಆರ್ಥೊಡಾಕ್ಸರೂ ಬೈಬಲಿನ ಭಾಗವೆಂದು ಓದುವ ಮಕ್ಕಬಿಯರ ಎರಡನೆಯ ಗ್ರಂಥ. ದೊರೆಯ ಚಿತ್ರಹಿಂಸೆಗೆ ಆರು ಮಕ್ಕಳನ್ನು ಕಳೆದುಕೊಂಡ ತಾಯಿ ಕೊನೆಯ ಮಗನಿಗೆ, ಇಲ್ಲದ್ದರಿಂದ ಲೋಕವನ್ನು ಮಾಡಿದವನು ನಿನ್ನನ್ನೂ ಮರಳಿ ಕೊಡಬಲ್ಲ ಎಂದು ಧೈರ್ಯ ತುಂಬುತ್ತಾಳೆ. ಹೀಗೆ ಈ ವಿಚಾರ ತರ್ಕಕ್ಕಿಂತ ಮೊದಲು ಸಾವಿನೆದುರಿನ ಭರವಸೆಯಾಗಿ ಕೇಳಿಬಂತು.

ಅದು ಸಿದ್ಧಾಂತವಾಗಿ ಗಟ್ಟಿಗೊಂಡದ್ದು ಕ್ರಿ.ಶ. 2ನೆಯ ಶತಮಾನದಲ್ಲಿ. ಪ್ಲೇಟೋನ ‘ತಿಮಾಯಸ್’ ಸಂವಾದದಲ್ಲಿ ದೈವಶಿಲ್ಪಿ ಮೊದಲೇ ಇದ್ದ ಅವ್ಯವಸ್ಥೆಗೆ ರೂಪ ಕೊಡುತ್ತಾನೆ. ಹುತಾತ್ಮ ಜಸ್ಟಿನ್ ಕೂಡ ರೂಪವಿಲ್ಲದ ದ್ರವ್ಯದಿಂದ ದೇವರು ಲೋಕವನ್ನು ಮಾಡಿದನೆಂದು ಬರೆದ. ಇನ್ನೊಂದೆಡೆ ಗ್ನಾಸ್ಟಿಕ್ ಪಂಥಗಳೂ 144ರಲ್ಲಿ ರೋಮಿನ ಸಭೆಯಿಂದ ಹೊರಬಿದ್ದ ಮಾರ್ಸಿಯನ್ನನೂ ಈ ಲೋಕ ಕೀಳು ದೇವರೊಬ್ಬನ ಕೆಲಸವೆಂದರು. ಅಂತಿಯೋಕ್ಯದ ಥಿಯಾಫಿಲಸ್, ಲಿಯೋನಿನ ಐರೇನಿಯಸ್ ಎರಡನ್ನೂ ಒಪ್ಪಲಿಲ್ಲ. ದ್ರವ್ಯವೂ ದೇವರಂತೆ ಅನಾದಿಯಾದರೆ ದೇವರು ಸರ್ವೇಶ್ವರನಲ್ಲ. ಒಬ್ಬನೇ ದೇವರು ಸ್ವ ಇಚ್ಛೆಯಿಂದ ಮಾಡಿದ ಲೋಕವಾದರೆ ಮೈ, ಮಣ್ಣು, ಅನ್ನ ಯಾವುದೂ ಹೇಯವಲ್ಲ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಭೌತಲೋಕವನ್ನು ದುಷ್ಟಶಕ್ತಿಗೆ ಒಪ್ಪಿಸುತ್ತಿದ್ದ ಕ್ಯಾಥರ್ ಪಂಥದ ಎದುರು, ಶೂನ್ಯದಿಂದ ಸೃಷ್ಟಿ ಎಂಬುದನ್ನು ವಿಶ್ವಾಸದ ವಿಧಿಯಾಗಿ ಸಾರಿತು.

ಅದಕ್ಕೂ ಬಹಳ ಮೊದಲೇ, 325ರ ನೈಸಿಯ ಮಹಾಸಭೆ ದೇವರಿಗೂ ಸೃಷ್ಟಿಗೂ ನಡುವಿನ ಗೆರೆಯನ್ನು ಇನ್ನಷ್ಟು ಖಚಿತಗೊಳಿಸಿತ್ತು. ಕ್ರಿಸ್ತನು ಸೃಷ್ಟಿಗಳಲ್ಲಿ ಮೊದಲನೆಯವನು ಎಂದ ಅರಿಯಸ್ಸನನ್ನು ಅದು ತಳ್ಳಿಹಾಕಿತು. ಒಂದು ಕಡೆ ಸೃಷ್ಟಿಕರ್ತ, ಇನ್ನೊಂದು ಕಡೆ ಸೃಷ್ಟಿ. ನಡುವೆ ಅರ್ಧದೇವರುಗಳ ಮೆಟ್ಟಿಲಿಲ್ಲ. ಪಿತ, ಸುತ, ಪವಿತ್ರಾತ್ಮರ ಪ್ರೀತಿ ತನ್ನಲ್ಲೇ ಪೂರ್ಣವಾದ್ದರಿಂದ ದೇವರಿಗೆ ಜಗತ್ತಿನ ಅಗತ್ಯವಿರಲಿಲ್ಲ ಎಂಬ ನಿಲುವೂ ಇದರೊಡನೆ ಬೆಳೆಯಿತು. ಅಗತ್ಯವಿಲ್ಲದೆ ಕೊಟ್ಟದ್ದರಿಂದಲೇ ಸೃಷ್ಟಿ ಕೃಪೆ.

ಉತ್ತರ ಆಫ್ರಿಕದ ಹಿಪ್ಪೊ ನಗರದ ಧರ್ಮಾಧ್ಯಕ್ಷ ಆಗಸ್ಟೀನ್ (354–430), ಲೋಕಕ್ಕೆ ಮುಂಚೆ ದೇವರು ಏನು ಮಾಡುತ್ತಿದ್ದ ಎಂಬ ಪ್ರಶ್ನೆಯ ಬುಡವನ್ನೇ ಕಿತ್ತ. ಕಾಲವೂ ಸೃಷ್ಟಿಯೇ ಆದ್ದರಿಂದ ಸೃಷ್ಟಿಗೆ ‘ಮುಂಚೆ’ ಎಂಬುದಿಲ್ಲ. ಆದಿಕಾಂಡದ ಮೇಲೆ ಬರೆದ ವ್ಯಾಖ್ಯಾನದಲ್ಲಿ ಅವನು, ಕಟ್ಟಿದವನು ಹೊರಟುಹೋದ ಮೇಲೂ ಮನೆ ನಿಲ್ಲುತ್ತದೆ, ದೇವರು ಕೈಬಿಟ್ಟರೆ ಲೋಕ ಕ್ಷಣಮಾತ್ರವೂ ನಿಲ್ಲದು ಎಂದ.

ಈ ಎಳೆಯನ್ನು ತುದಿಮುಟ್ಟಿಸಿದವನು ತೋಮಸ್ ಅಕ್ವಿನಾಸ್ (1225–1274). ಸೃಷ್ಟಿಯೆಂದರೆ ಎಂದೋ ನಡೆದ ಬದಲಾವಣೆಯಲ್ಲ, ಇರವಿಗಾಗಿ ಜಗತ್ತು ದೇವರನ್ನು ಅವಲಂಬಿಸಿರುವ ಸಂಬಂಧ. ಜಗತ್ತಿಗೆ ಆದಿಯಿದೆ ಎಂದು ಅವನು ಧರ್ಮಗ್ರಂಥದ ಮೇಲೆ ನಂಬಿದ. ತರ್ಕದಿಂದ ಅದನ್ನು ಸಾಧಿಸಲಾಗದು, ಅನಾದಿಯಾಗಿದ್ದರೂ ಅದು ಸೃಷ್ಟಿಯೇ ಆಗಿರುತ್ತಿತ್ತು ಎಂದು ವಾದಿಸಿದ. ಅವನ ಸಮಕಾಲೀನ ಚಿಂತಕ ಬೊನವೆಂಚರ್ ಇದನ್ನು ಒಪ್ಪಲಿಲ್ಲ. ಕನ್ನಡ ಓದುಗರಿಗೆ ಇಲ್ಲಿ ಉಡುಪಿಯ ಮಧ್ವಾಚಾರ್ಯರು ನೆನಪಾಗುವುದು ಸಹಜ. 13ನೆಯ ಶತಮಾನದವರೇ ಆದ ಅವರ ಮತದಲ್ಲಿ ಪ್ರಕೃತಿಯೂ ಜೀವರೂ ಅನಾದಿ, ಆದರೂ ಪರತಂತ್ರ. ಸ್ವತಂತ್ರನು ವಿಷ್ಣು ಒಬ್ಬನೇ. ಅನಾದಿತ್ವಕ್ಕೂ ಅವಲಂಬನೆಗೂ ವಿರೋಧವಿಲ್ಲ ಎಂಬಲ್ಲಿ ಇಬ್ಬರೂ ಹತ್ತಿರ. ತೋಮಸ್ಸನಿಗೆ ಬರೀ ಸಾಧ್ಯತೆಯಾಗಿದ್ದ ಅನಾದಿತ್ವವನ್ನು ಮಧ್ವರು ನಿಜವೆಂದು ಒಪ್ಪಿದಲ್ಲಿ ದೂರ. ಬಂಗಾಳದ ಕಥೋಲಿಕ ಚಿಂತಕ ಬ್ರಹ್ಮಬಾಂಧವ ಉಪಾಧ್ಯಾಯರು (1861–1907) ಅದ್ವೈತದ ಮಾಯೆಯನ್ನೇ ತೋಮಸ್ಸನ ಅರ್ಥದ ಅವಲಂಬನೆಯಾಗಿ ಓದಲು ಯತ್ನಿಸಿದರು.

ಪೂರ್ವದ ಆರ್ಥೊಡಾಕ್ಸ್ ಪರಂಪರೆಯಲ್ಲಿ ದೇವರಿಗೂ ಜಗತ್ತಿಗೂ ಇರುವ ಈ ಸಂಬಂಧವನ್ನು ಬೇರೆ ಬಗೆಯಲ್ಲಿ ವಿವರಿಸಿದ ಗ್ರೆಗರಿ ಪಲಾಮಾಸ್, ದೇವರ ಸತ್ತ್ವ ಅಗಮ್ಯ, ಆದರೆ ಅವನ ಶಕ್ತಿಗಳು ಸೃಷ್ಟಿಯಲ್ಲಿ ಹರಡಿ ಮನುಷ್ಯನನ್ನು ಮುಟ್ಟುತ್ತವೆ ಎಂದ. 1351ರ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ಎತ್ತಿಹಿಡಿಯಿತು.

ಅವಲಂಬನೆಯ ಈ ತಿಳಿವು ಮಸುಕಾದಾಗ ಸೃಷ್ಟಿ ಬರೀ ಆರಂಭದ ಘಟನೆಯಾಗಿ ಕುಗ್ಗಿತು. 1650ರಲ್ಲಿ ಐರ್ಲೆಂಡಿನ ಧರ್ಮಾಧ್ಯಕ್ಷ ಜೇಮ್ಸ್ ಅಷರ್ ಅದನ್ನು ಕ್ರಿ.ಪೂ. 4004ಕ್ಕೆ ನಿಗದಿಮಾಡಿದ. ಲೋಕವನ್ನು ಚಾಲೂ ಮಾಡಿ ದೂರ ಸರಿದ ದೇವರು ಮುಂದೆ ಡೀಯಿಸಂ ಮತದಲ್ಲಿ ಕಾಣಿಸಿಕೊಂಡ. 1859ರಲ್ಲಿ ಡಾರ್ವಿನ್ನನ ಗ್ರಂಥ ಬಂದಾಗ ಹಲವರಿಗೆ ನೆಲ ಕುಸಿದಂತಾದದ್ದಕ್ಕೆ ಇದೂ ಒಂದು ಕಾರಣ. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ವಿಕಾಸವಾದವನ್ನು ವಿಶ್ವಾಸದೊಡನೆಯೇ ಒಪ್ಪಿದ. 1925ರಲ್ಲಿ ಟೆನೆಸೀಯ ಡೇಟನ್ ಊರಿನಲ್ಲಿ ಅದನ್ನು ಕಲಿಸಿದ ಶಿಕ್ಷಕನ ಮೇಲೆ ಮೊಕದ್ದಮೆಯೇ ನಡೆಯಿತು. ಮಹಾಸ್ಫೋಟ ಸಿದ್ಧಾಂತದ ಮೂಲಪುರುಷರಲ್ಲೊಬ್ಬರಾದ ಜಾರ್ಜ್ ಲೆಮೆತ್ರ್ ಸ್ವತಃ ಬೆಲ್ಜಿಯಮಿನ ಪಾದ್ರಿ. 1951ರಲ್ಲಿ ಪೋಪ್ 12ನೆಯ ಪಯಸ್ ಆ ವಿಜ್ಞಾನದಲ್ಲಿ ಸೃಷ್ಟಿಗೆ ಸಾಕ್ಷ್ಯ ಕಂಡಾಗಲೂ, ತನ್ನ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳ ಹೊರಗಿನದು ಎಂಬ ನಿಲುವನ್ನು ಅವರು ಬಿಡಲಿಲ್ಲ. ತೋಮಸ್ಸನ ಮಾತನ್ನು ಸರಿಯಾಗಿ ಗ್ರಹಿಸಿದ ನಿಲುವು ಅದು.

1967ರಲ್ಲಿ ಇತಿಹಾಸಕಾರ ಲಿನ್ ವೈಟ್, ಭೂಮಿಯ ಮೇಲೆ ಮನುಷ್ಯನಿಗೆ ದೊರೆತನ ಕೊಟ್ಟ ಕ್ರೈಸ್ತ ಚಿಂತನೆಯೇ ಪರಿಸರ ಸಂಕಟದ ಬೇರುಗಳಲ್ಲೊಂದು ಎಂದ ಮೇಲೆ ಏದೆನ್ ತೋಟದ ಕಥನ ಹೊಸದಾಗಿ ಚರ್ಚೆಗೆ ಬಂತು. ತೋಟವನ್ನು ಕಾಯುವ ಹೊಣೆಯನ್ನು ಪೋಪ್ ಫ್ರಾನ್ಸಿಸರ 2015ರ ವಿಶ್ವಪತ್ರ ‘ಲೌದಾತೊ ಸೀ’ ಒತ್ತಿ ಹೇಳುತ್ತದೆ. ಇದಕ್ಕಿಂತ ತೀವ್ರವಾದ ವಿವಾದ ದೇವರನ್ನು ಕುರಿತದ್ದೇ. ತತ್ತ್ವಜ್ಞಾನಿ ವೈಟ್‌ಹೆಡ್‌ನ ಚಿಂತನೆಯಿಂದ ಹೊರಟ ಪ್ರಕ್ರಿಯಾ ದೇವತಾಶಾಸ್ತ್ರ ಶೂನ್ಯದಿಂದ ಸೃಷ್ಟಿಯನ್ನು ಕೈಬಿಟ್ಟು, ಲೋಕದೊಡನೆ ನೋಯುವ, ಅದರಿಂದ ತಾನೂ ಬದಲಾಗುವ ದೇವರನ್ನು ಮುಂದಿಡುತ್ತದೆ. ಜರ್ಮನಿಯ ದೇವತಾಶಾಸ್ತ್ರಜ್ಞ ಯುರ್ಗನ್ ಮೋಲ್ಟ್‌ಮನ್ ಶೂನ್ಯದಿಂದ ಸೃಷ್ಟಿ ಎಂಬುದನ್ನು ಕೈಬಿಡದೆಯೇ, ದೇವರು ತನ್ನನ್ನು ಸಂಕೋಚಿಸಿಕೊಂಡು ಸೃಷ್ಟಿಗೆ ಎಡೆಮಾಡಿದ ಎಂಬ ಯೆಹೂದಿ ಅನುಭಾವದ ವಿಚಾರವನ್ನು ತನ್ನದಾಗಿಸಿಕೊಂಡ. ಹಳೆಯ ಪರಂಪರೆಯವರ ಉತ್ತರ ನೇರವಾಗಿದೆ: ಜಗತ್ತಿಗೆ ಅಧೀನನಾದ ದೇವರು ಮಕ್ಕಬಿಯರ ಗ್ರಂಥದ ಆ ತಾಯಿಗೆ ಮಗನನ್ನು ಮರಳಿ ಕೊಡಲಾರ.