ಗೆರೆ ಹೊಡೆದ ಸಾಲು

ಉಪನೋಂದಣಿ ಕಚೇರಿಯ ಎದುರು ಕೂತು ಪತ್ರ ಬರೆಯುವುದು ನನ್ನ ಕಸುಬು. ಒಮ್ಮೆ ನೋಂದಣಿಯಾದ ಕ್ರಯಪತ್ರವನ್ನು ಬರೆದುಕೊಟ್ಟವರೂ ತಾವಾಗಿ ತಿದ್ದುವಂತಿಲ್ಲ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದ್ದರೂ ಎರಡೂ ಕಡೆಯವರು ಬಂದು ತಿದ್ದುಪಡಿ ಪತ್ರಕ್ಕೆ ರುಜು ಹಾಕಬೇಕು. ವೆಬ್‌ಸೈಟುಗಳ ಖಾಸಗಿತನದ ಭರವಸೆಗಳನ್ನು ನಾನು ಓದುವುದೂ ಈ ಕಣ್ಣಿನಿಂದಲೇ.

ಡಬಲ್‌ಕ್ಲಿಕ್ ಎಂಬ ಜಾಹೀರಾತು ಕಂಪನಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು 1996ರಲ್ಲಿ. ಬೇರೆಬೇರೆ ಸೈಟುಗಳಲ್ಲಿ ಅದರ ಜಾಹೀರಾತು ಬರುವಾಗ ಓದುಗರ ಕಂಪ್ಯೂಟರಿನಲ್ಲಿ ಕುಕಿ ಎಂಬ ಪುಟ್ಟ ಕಡತವೂ ಬಂದು ಕೂರುತ್ತಿತ್ತು. ಅದರೊಳಗೊಂದು ಸಂಖ್ಯೆ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಬಗ್ಗೆ ಓದಿದ್ದು, ಸಂಜೆ ಸಾಲದ ಬಡ್ಡಿ ನೋಡಿದ್ದು, ಎರಡೂ ಆ ಒಂದೇ ಸಂಖ್ಯೆಯ ಲೆಕ್ಕಕ್ಕೆ ಸೇರಬಹುದಿತ್ತು. ಆದರೆ ನಿಮ್ಮ ಹೆಸರು ನಮಗೆ ಗೊತ್ತಿರುವುದಿಲ್ಲ ಎಂದು ಕಂಪನಿ ಹೇಳಿತ್ತು.

1999ರಲ್ಲಿ ಅದು ಅಬಾಕಸ್ ಡೈರೆಕ್ಟ್ ಕಂಪನಿಯನ್ನು ಕೊಂಡಿತು. ಅಂಚೆಯಲ್ಲಿ ಸಾಮಾನು ತರಿಸುವ ಅಮೆರಿಕದ ಕೋಟ್ಯಂತರ ಮನೆಗಳ ಹೆಸರು, ವಿಳಾಸ, ಖರೀದಿಯ ವಿವರ ಅಬಾಕಸ್ ಕೈಯಲ್ಲಿದ್ದವು. ಕೂಡಲೇ ಭರವಸೆಯ ಮಾತುಗಳು ಬದಲಾದವು. ಸಂಖ್ಯೆಗೆ ಹೆಸರು ಜೋಡಿಸುವ ಯೋಜನೆ ಬಂತು. 2000ದ ಫೆಬ್ರವರಿಯಲ್ಲಿ ಖಾಸಗಿತನದ ಪರ ದುಡಿಯುವ ಎಪಿಕ್ ಸಂಸ್ಥೆ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟಿತು. ಮಾರ್ಚಿನಲ್ಲಿ ಕಂಪನಿಯ ಮುಖ್ಯಸ್ಥ ಕೆವಿನ್ ಓಕಾನರ್ ತಪ್ಪಾಯಿತೆಂದು ಒಪ್ಪಿ ಯೋಜನೆಯಿಂದ ಹಿಂದೆ ಸರಿದರು.

2008ರಲ್ಲಿ ಡಬಲ್‌ಕ್ಲಿಕ್ ಗೂಗಲ್‌ನ ಪಾಲಾಯಿತು. ನಿಮ್ಮ ಒಪ್ಪಿಗೆ ಇಲ್ಲದೆ ಅದರ ಕುಕಿ ಮಾಹಿತಿಯನ್ನು ನಿಮ್ಮ ಗುರುತಿನ ಜೊತೆ ಬೆರೆಸುವುದಿಲ್ಲ ಎಂಬ ಸಾಲು ಗೂಗಲ್‌ನ ನೀತಿಯಲ್ಲಿತ್ತು. 2016ರ ಜೂನ್‌ನಲ್ಲಿ ಅದು ಹೋಯಿತು. ಹಳೆಯ ಖಾತೆದಾರರ ಒಪ್ಪಿಗೆ ಕೇಳಿದರು, ಅದನ್ನು ಹೇಳಲೇಬೇಕು. ಹೊಸದಾಗಿ ಖಾತೆ ತೆರೆದವರಿಗೆ ಮಾತ್ರ ಒಪ್ಪಿಗೆ ಮೊದಲೇ ತುಂಬಿಕೊಂಡೇ ಬಂತು. ಬೇಡವೆಂದವರು ಹುಡುಕಿಕೊಂಡು ಹೋಗಿ ಅಳಿಸಬೇಕಿತ್ತು. ಇದನ್ನು ಒಪ್ಪಿಗೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೂರನೆಯವರು ನಡುವೆ ನಿಂತರೆ ಕಥೆ ಬೇರೆಯಾಗುತ್ತದೆ. ಗ್ರಾಹಕರ ಮಾಹಿತಿಯನ್ನು ಎಂದೂ ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದ ಆಟಿಕೆ ಕಂಪನಿ ಟಾಯ್ಸ್‌ಮಾರ್ಟ್ 2000ದಲ್ಲಿ ಮುಳುಗಿದಾಗ, ಅದೇ ಪಟ್ಟಿಯನ್ನು ಮಾರಾಟಕ್ಕಿಟ್ಟಿತು. ಅದರಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನ ಕೂಡ ಇದ್ದವು. ಕಮಿಷನ್ ಮೊಕದ್ದಮೆ ಹೂಡಿತು. ಹಲವು ರಾಜ್ಯಗಳ ಅಟಾರ್ನಿ ಜನರಲ್‌ಗಳು ಆಕ್ಷೇಪಿಸಿದರು. ಕೊನೆಗೆ ಡಿಸ್ನಿಯ ಅಂಗಸಂಸ್ಥೆಯೊಂದು 50,000 ಡಾಲರ್ ಕೊಟ್ಟು ಆ ಪಟ್ಟಿಯನ್ನು ನಾಶಮಾಡಿಸಿತು.